ಕುಂಕುಮವಿಲ್ಲದ ಸರ್ವರ್

“ಕುಂಕುಮವಿಲ್ಲದ್ದೇ ನಕಲು” ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡು, ಅದರಲ್ಲಿದ್ದುದನ್ನೆಲ್ಲ ಅಳಿಸಲು ಕೀಲಿಯ ಮೇಲೆ ಬೆರಳಿಟ್ಟಿದ್ದೆ.

“ತಡೀರಿ ಸರ!” ಎಂದರು, ನೆಲ ಒರೆಸುತ್ತಿದ್ದ ಶಾಂತಾ ಮಾವಶಿ.

ಅಥಣಿಯ ನಮ್ಮ ರಕ್ತ ತಪಾಸಣಾ ಕೇಂದ್ರದಲ್ಲಿ ಎರಡು ಸರ್ವರ್‌ಗಳಿವೆ. ರೋಗಿಗಳ ವರದಿಗಳು ಮುಖ್ಯ ಸರ್ವರ್‌ನಲ್ಲಿರುತ್ತವೆ. ಇನ್ನೊಂದು ಅವುಗಳ ನಕಲನ್ನು ಇಟ್ಟುಕೊಳ್ಳುತ್ತದೆ. ನಕಲಾಗುವುದು ನಿಂತಿದ್ದರಿಂದ, ಮುಖ್ಯ ಸರ್ವರ್ ಅನ್ನು ರೀಸ್ಟಾರ್ಟ್ ಮಾಡಿ, ಇನ್ನೊಂದನ್ನು ಬರಿದಾಗಿಸಿ ಮತ್ತೆ ತುಂಬಿಸುವ ಕೆಲಸ ನನ್ನದಾಗಿತ್ತು. ಆಯುಧಪೂಜೆಯಲ್ಲಿ ಮುಖ್ಯ ಸರ್ವರ್‌ಗೆ ಮಾತ್ರ ಕುಂಕುಮ ಹಚ್ಚುವುದು ನಮ್ಮಲ್ಲಿ ರೂಢಿ. ನಾನು ಅದನ್ನೇ ನಂಬಿದ್ದೆ. ದೀಪಾವಳಿಯ ನಂತರವಷ್ಟೇ ಕೆಲಸಕ್ಕೆ ಸೇರಿದ, ನಮ್ಮ ಮನೆಯ ಮೊದಲ ಪದವೀಧರನಾದ ನನಗೆ, ಏನೂ ತಿಳಿಯದವನು ಎಂದಾರೆಂಬ ಅಂಜಿಕೆಯಿಂದ ಯಾರನ್ನೂ ಕೇಳಲಾಗಿರಲಿಲ್ಲ.

“ಕುಂಕುಮದ್ದು ದೀಪಾವಳಿ ಮುಂದ ಕೆಟ್ಟಿತ್ತಲ್ರಿ. ಆವಾಗಿಂದ ಈ ಬೋಳ ಮಶೀನ ದುಡ್ಯಾಕತ್ತೈತಿ. ಇದರ ಹತ್ರ ನೆಲಾ ಒರಸೋ ಹಸಿ ಅರಬಿ ತರಬ್ಯಾಡಂತ ಸಾಹೇಬ್ರು ನನಗ ಬೈದಾರ.”

ಪರಿಶೀಲಿಸಿದೆ. ದೀಪಾವಳಿಯಿಂದೀಚಿನ ವರದಿಗಳೆಲ್ಲ ಆ ಬೋಳು ಯಂತ್ರವೊಂದರಲ್ಲೇ ಇದ್ದವು. ಬೆರಳು ಒತ್ತಿದ್ದರೆ ಒಂದೂ ಉಳಿಯುತ್ತಿರಲಿಲ್ಲ.

ಕುಂಕುಮದ್ದನ್ನು ಬರಿದಾಗಿಸಿ ಮತ್ತೆ ತುಂಬಿಸಿದೆ; ಅಂದು ಕೆಲಸ ಸರಿಯಾಗಿಯೇ ಮುಗಿಯಿತು. ಈಗ ಏನನ್ನಾದರೂ ಅಳಿಸುವ ಮುನ್ನ ನಾನು ಎರಡು ಬಾರಿ ಪರಿಶೀಲಿಸುತ್ತೇನೆ. ಬಳಿಕ ಮಾವಶಿಯವರನ್ನೂ ಒಂದು ಮಾತು ಕೇಳುತ್ತೇನೆ.