ತಮ್ಮನ ವೀಸಾ, ನನ್ನ ಬುದ್ಧಿವಾದ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ದಾಂಡೇಲಿಯ ಕಾರ್ಖಾನೆಯಲ್ಲಿ ಗುತ್ತಿಗೆ ವೆಲ್ಡರ್ ಆಗಿ ಎಷ್ಟು ಸಲ ಕೈ ಸುಟ್ಟುಕೊಂಡಿದ್ದೇನೋ ಅಷ್ಟೇ ಸಲ ಹೊಡೆದಾಡಿದ್ದೇನೆ. ಆದರೆ ಒಬ್ಬನ ಬಾಯಿಂದ ರಕ್ತ ಬರುವಂತೆ ಬಡಿದದ್ದು ಒಂದೇ ಸಲ. ಅವನು ಹಳಿಯಾಳದ ಏಜೆಂಟ್. ನನ್ನ ತಮ್ಮನನ್ನು ಕೊಲ್ಲಿ ದೇಶಕ್ಕೆ ಕಳಿಸಿದವನು.

ತಮ್ಮನೂ ವೆಲ್ಡರ್, ನಾನೇ ಕಲಿಸಿದ್ದು. ವೀಸಾ ಬಂದ ದಿನ ಅವನಿಗೆ ಪಾಳಿ ಇತ್ತು, ಹಾಗಾಗಿ ನಾನೊಬ್ಬನೇ ಹೋದೆ. ಏಜೆಂಟ್ ಪಾಸ್‌ಪೋರ್ಟ್ ಕೈಗಿಟ್ಟು ಹೇಳಿದ:

“ಈ ವೀಸಾ ಆ ದೇಶದೊಳಗ ಕಾಲಿಡಾಕ ಅಷ್ಟ ನೋಡ್ರಿ. ದುಡಿಯಾಕ ಅಲ್ಲಿ ಮಾಲಕ ಬ್ಯಾರೆ ಕಾರ್ಡ್ ಮಾಡಸ್ತಾನ. ಅದು ಅವನ ಹೆಸರಿನ ಮ್ಯಾಲೆ ಇರತೈತಿ. ಅವನ್ನ ಬಿಟ್ಟು ಬ್ಯಾರೆ ಕಡೆ ದುಡದ್ರ, ವೀಸಾ ಇದ್ರೂ ಹಿಡೀತಾರ. ತಮ್ಮಗ ಇದನ್ನ ಮರೀದ ಹೇಳ್ರಿ.”

ನಾನು ನಕ್ಕೆ. ನಮಗೇ ಕಾಗದಪತ್ರ ಕಲಿಸಲು ಬಂದನಲ್ಲ! ವರ್ಷಕ್ಕೊಮ್ಮೆ ಕಾರ್ಖಾನೆ ನಿಲ್ಲಿಸಿ ರಿಪೇರಿ ಮಾಡುವಾಗ ನಾವು ಒಬ್ಬ ಗುತ್ತಿಗೆದಾರನ ಗೇಟ್ ಪಾಸಿನಲ್ಲಿ ಒಳಗೆ ಹೋಗಿ, ಮನಸ್ಸಾದರೆ ಇನ್ನೊಬ್ಬನ ಕೆಲಸ ಹಿಡಿಯುತ್ತಿದ್ದೆವು. ಯಾರೂ ಕೇಳುತ್ತಿರಲಿಲ್ಲ. ವೀಸಾ ಅಂದರೂ ಅದೇ ಎಂದುಕೊಂಡೆ. ತಮ್ಮನಿಗೆ ಏನೂ ಹೇಳಲಿಲ್ಲ.

ಏಳು ತಿಂಗಳಿಗೆ ಫೋನ್ ಬಂತು. ಮಾಲಕ ಕಬ್ಬಿಣದ ಪೈಪಿನಿಂದ ಹೊಡೆಯುತ್ತಾನಂತೆ. ಬೆಸುಗೆ ಸೊಟ್ಟಾದರೆ ಏಟು, ನೀರು ಕುಡಿಯಲು ನಿಂತರೆ ಏಟು. ಒಂದು ಬೆರಳು ಮುರಿದಿತ್ತು.

“ಅಣ್ಣಾ, ಇಂವನ್ನ ಬಿಟ್ಟು ಬ್ಯಾರೆ ಶೆಡ್ಡಿಗೆ ಹೋಗ್ಲೇನು? ಏಜೆಂಟ ಏನರ ಹೇಳಿದ್ನಾ?”

“ಏನೂ ಹೇಳಿಲ್ಲ. ವೀಸಾ ಐತಿಲ್ಲೋ? ಗೇಟ್ ದಾಟಿದ ಮ್ಯಾಲೆ ಎಲ್ಲಾ ಒಂದ. ಹೋಗು.”

ಅವನು ಹೋದ. ನನ್ನ ಮಾತನ್ನು ಅವನು ಎಂದೂ ಮೀರಿದವನಲ್ಲ.

ಹಳೇ ಮಾಲಕ ಇವನು ಓಡಿಹೋಗಿದ್ದಾನೆಂದು ದೂರು ಕೊಟ್ಟ. ಕಾರ್ಡು ರದ್ದಾಯಿತು. ಒಂದು ಮಧ್ಯಾಹ್ನ ಹೊಸ ಶೆಡ್ಡಿಗೆ ಪೊಲೀಸರು ನುಗ್ಗಿದರು. ಊಟಕ್ಕೆ ಕೂತವನನ್ನು ಕೂದಲು ಹಿಡಿದು ಕೆಡವಿ ಎಡಗಿವಿಯ ಮೇಲೆ ಬೂಟುಗಾಲಿನಿಂದ ಒದ್ದರು. ಕಿವಿಯ ತಮಟೆ ಹರಿಯಿತು. ಕೂಡಿ ಹಾಕಿ, ಬೆರಳಚ್ಚು ತೆಗೆದು, ಇನ್ನೆಂದೂ ಬರಬೇಡವೆಂದು ವಿಮಾನ ಹತ್ತಿಸಿದರು.

ಸುದ್ದಿ ತಿಳಿದ ದಿನವೇ ಹಳಿಯಾಳಕ್ಕೆ ಹೋದೆ. ಏಜೆಂಟನ ಕೊರಳಪಟ್ಟಿ ಹಿಡಿದು ಅವನ ಮುಖವನ್ನು ಮೇಜಿಗೆ ಕುಟ್ಟಿದೆ. ಮೇಜಿನ ಗಾಜು ಒಡೆಯಿತು, ಒಂದು ಹಲ್ಲು ಕೆಳಗೆ ಬಿತ್ತು. ಅವನು ರಕ್ತ ಉಗುಳುತ್ತಾ ಅಂದ, “ನಿಮ್ಮ ಎದುರಿಗೇ ಹೇಳಿದ್ನೆಲ್ರಿ. ನೀವು ನಕ್ರಿ.”

ನಿಜ. ನಿಜವೆಂದು ಹೊಳೆದ ಮೇಲೆಯೇ ಇನ್ನೆರಡು ಬಿಗಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ. ಪಕ್ಕದ ಅಂಗಡಿಯವರು ಬಂದು ಎಳೆದು ಹೊರಗೆ ಹಾಕಿದರು.

ತಮ್ಮನು ಮನೆಗೆ ಬಂದ ಮೂರನೇ ದಿನ ಹಿತ್ತಿಲಲ್ಲಿದ್ದ ಸಲಾಕೆ ಎತ್ತಿಕೊಂಡು ಬಾಗಿಲಿಗೆ ಬಂದ. ಕಣ್ಣು ಕೆಂಪಗಾಗಿತ್ತು.

“ನೀ ಹಲ್ಲು ಉದರಿಸಿದಿ. ನಾ ಅವನ ಎರಡೂ ಕೈ ಮುರೀತೇನಿ. ಒಂದ ಮಾತು ಹೇಳಿ ಕಳಿಸಿದ್ರ ನಾ ಹಿಂಗಾಗ್ತಿದ್ನೇನು?”

ಹೋದರೆ ಆ ಬಡಪಾಯಿ ಉಳಿಯುತ್ತಿರಲಿಲ್ಲ, ತಮ್ಮನೂ ಜೈಲು ಸೇರುತ್ತಿದ್ದ. “ಅಂವ ಹೇಳಿದ್ದ. ನಾನ ನಿನಗ ಹೇಳಲಿಲ್ಲ,” ಎಂದೆ.

ನಾನು ಅವನ ಎಡಕ್ಕೆ ನಿಂತಿದ್ದೆ. “ಏನಂದಿ?” ಎಂದ. ಬಲಗಡೆಗೆ ಹೋಗಿ ಅದನ್ನೇ ಇನ್ನೊಮ್ಮೆ ಹೇಳಬೇಕಾಯಿತು.

ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೂ ನಾನು ಕೈ ಅಡ್ಡ ಹಿಡಿಯಲಿಲ್ಲ.