ಬೆರಕೆ ಕಡ್ಡಿ

ಎಲೆ ಹಳದಿಯಾಗಿ ಮುರುಟುವ ರೋಗ ಸುತ್ತಲಿನ ಮರಗೆಣಸಿನ ಹೊಲಗಳನ್ನೆಲ್ಲ ತಿಂದುಹಾಕಿದಾಗ, ಆ ರೋಗಕ್ಕೆ ಬಗ್ಗದ ತಳಿ ಉಳಿದದ್ದು ಗುಡೂರಿನ ಖುಶನುಮಾಳ ಹತ್ತಿರ ಮಾತ್ರ. ತೋಟಗಾರಿಕೆ ಇಲಾಖೆಯವರು ಕೊಟ್ಟ ಒಂದು ಹಿಡಿ ಕಡ್ಡಿಯನ್ನು ಅವಳು ವರ್ಷ ವರ್ಷ ತುಂಡು ಮಾಡಿ ನೆಟ್ಟು ಬೆಳೆಸಿದ್ದಳು. ಈ ಸಲದ ಬೆಳೆಯಿಂದ ಸುತ್ತಲ ಊರುಗಳವರಿಗೆಲ್ಲ ಕಡ್ಡಿ ಹಂಚುವುದಿತ್ತು.

ಹೆರಿಗೆಗೆ ತವರಿಗೆ ಹೋದಾಗ ನಾಟಿಯನ್ನು ಗಂಡ ನಾಸೀರನಿಗೆ ಬಿಟ್ಟಿದ್ದಳು. ಕೂಸಿನೊಂದಿಗೆ ತಿರುಗಿ ಬಂದವಳು ಹೊಲದಲ್ಲಿ ಕಾಲಿಟ್ಟು ಅಲ್ಲೇ ನಿಂತಳು. ಸಾಲುಗಳ ನಡುನಡುವೆ ಎಲೆಗಳು ಹಳದಿ ಮಚ್ಚೆ ಬಿದ್ದು ಸೊಟ್ಟಗಾಗಿದ್ದವು.

"ಇವು ನನ್ನ ಕಡ್ಡಿ ಅಲ್ರಿ. ಎಲ್ಲಿಂದ ತಂದ್ರಿ?"

"ಕಡಿಮಿ ಬಿದ್ದಿದ್ವು. ಇಳಕಲ್ ಗೆಳ್ಯಾನ ಹೊಲದಿಂದ ತಂದು ಬೆರೆಸಿದೆ," ಎಂದ ನಾಸೀರ, ತಲೆ ತಗ್ಗಿಸಿ. "ರೋಗ ಬಂದದ್ದು ಕಿತ್ತರಾತು, ಉಳಿದದ್ದು ಇರ್ಲಿ."

"ಉಳಿದದ್ರಾಗ ನಂದ್ಯಾವುದು, ಅವಂದ್ಯಾವುದು? ಇವತ್ತ ಹಸರ ಇದ್ದದ್ದು ನಾಳೆ ಮಂದಿ ಹೊಲದಾಗ ಹಳದಿ ಆದ್ರ?"

ಕೂಸನ್ನು ಅತ್ತೆ ದಸ್ತಗೀರಬಿಯ ಕೈಗಿಟ್ಟು ಖುಶನುಮಾ ಮೊದಲ ಸಾಲಿನಿಂದಲೇ ಕೀಳತೊಡಗಿದಳು. ತನ್ನದೇ ಎಂದು ಗುರುತು ಸಿಕ್ಕ ಗಿಡಗಳನ್ನೂ ಬಿಡಲಿಲ್ಲ, ಯಾಕೆಂದರೆ ಆ ಗುರುತನ್ನು ನಂಬುವ ಧೈರ್ಯ ಅವಳಿಗಿರಲಿಲ್ಲ. ಅಳುತ್ತಲೇ ಕಿತ್ತಳು. ರಾಶಿ ಒಣಗಿದ ಮೇಲೆ ಬೆಂಕಿಯನ್ನೂ ತಾನೇ ಹಚ್ಚಿದಳು.

ಬಾದಾಮಿ ಕಡೆಯಿಂದ ಕಡ್ಡಿ ಕೇಳಿಕೊಂಡು ಬಂದ ವಿಮಲಾಬಾಯಿ ಬೂದಿಯ ಎದುರು ಬೆಪ್ಪಾಗಿ ನಿಂತಳು.

"ಇನ್ನ ನಾವೇನ ನೆಡೂನವ್ವಾ?"

"ನನ್ನ ಕಡೆ ಒಂದ ಕಡ್ಡಿನೂ ಉಳಿದಿಲ್ಲ, ಅಕ್ಕಾ," ಎಂದವಳೇ ಖುಶನುಮಾ ಬರಿಯ ನೆಲದ ಮೇಲೆ ಕುಸಿದು ಕೂತಳು.