ತೋಟಿ ಇಲ್ಲದ ನಳ

ಹೋದ ವರ್ಷ ಯುಗಾದಿ ಮುಗಿದ ಮೇಲಿನ ಮಾತು. ಗೋಕಾಕದ ಅಂಚಿಗೆ ಹೊಸದಾಗಿ ಬೆಳೆದ ಬಡಾವಣೆಯಲ್ಲಿ ನಮ್ಮ ಮನೆ. ಮುಂದಿನ ಖೋಲಿಯಲ್ಲಿ ನನ್ನ ಹೊಲಿಗೆ ಮಷೀನು. ನಾವು ಬಂದಾಗ ಇಲ್ಲಿ ಹತ್ತಿಪ್ಪತ್ತು ಮನೆಗಳಿದ್ದವು, ಈಗ ಲೆಕ್ಕವೇ ಇಲ್ಲ. ಮನೆಗಳು ಹೆಚ್ಚಿದಂತೆ ದಿನ ಬಿಟ್ಟು ದಿನ ಬರುತ್ತಿದ್ದ ನೀರು ಎಂಟು ದಿನಕ್ಕೊಮ್ಮೆ ಆಯಿತು. ಅದೂ ಸಣ್ಣಗೆ. ಅದಕ್ಕೇ ಓಣಿಯವರೆಲ್ಲ ಅಂಗಳದಲ್ಲಿ ತಗ್ಗು ತೋಡಿ ನಳವನ್ನು ಅದರೊಳಗೆ ಇಳಿಸಿದ್ದೆವು. ನನ್ನ ನಳಕ್ಕೆ ತಿರುವಿ ಬಂದ್ ಮಾಡುವ ತೋಟಿಯೇ ಇರಲಿಲ್ಲ. ಬರುವ ನೀರನ್ನು ಬಂದ್ ಮಾಡುವವರು ಯಾರು? ಕೆಳಗೊಂದು ಸ್ಟೀಲ್ ತಾಟು ಬೋರಲು ಹಾಕಿಟ್ಟರೆ, ನೀರು ಬಂದ ಸದ್ದು ಅಡುಗೆಮನೆವರೆಗೂ ಕೇಳುತ್ತಿತ್ತು.

ಈ ನೀರಿಗಾಗಿಯೇ ಬಾಜೂ ಮನೆಯ ಶಾಂತಕ್ಕನ ಜೊತೆ ನನಗೆ ಜಗಳವಾಗಿತ್ತು. ಆಕೆ ನಳಕ್ಕೆ ಮೋಟಾರು ಹಚ್ಚಿ ನಮ್ಮ ಪಾಲಿನ ನೀರನ್ನೂ ಎಳೆಯುತ್ತಿದ್ದಳು. ನಾನೇನು ಸುಮ್ಮನಿರುವವಳಲ್ಲ, ಓಣಿಗೆಲ್ಲ ಕೇಳುವಂತೆ ಅಂದೆ. ಆಕೆಯೂ ಅಂದಳು. ಆಮೇಲೆ ಎರಡು ವರ್ಷ ಮಾತಿಲ್ಲ. ಫೋನಿನಲ್ಲಿ ಆಕೆಯ ನಂಬರನ್ನೂ ಬ್ಲಾಕ್ ಮಾಡಿದ್ದೆ.

ಅಷ್ಟರಲ್ಲಿ ಇಪ್ಪತ್ನಾಲ್ಕು ತಾಸು ನೀರು ಕೊಡುವ ಹೊಸ ಪೈಪು ನಮ್ಮ ಓಣಿಗೂ ಬಂತು. ಮನೆ ಮನೆಗೆ ಮೀಟರು ಕೂಡಿಸಿ, ಹಳೆಯ ನಳಕ್ಕೇ ಜೋಡಿಸಿದರು.

"ಒಂದ ವಾರದಾಗ ನೀರ ಬಿಟ್ಟ ನೋಡ್ತೀವ್ರಿ, ನಳಕ್ಕ ತೋಟಿ ಹಾಕಿಸ್ಕೋರಿ" ಎಂದ ಕೆಲಸದವನು.

"ಮದಲ ನೀರ ಬರಲಿ ತಗೋರಿ" ಎಂದೆ. ಇಂಥ ಮಾತು ನಾನು ಬಹಳ ಕೇಳಿದ್ದೆ.

ಅದೇ ವಾರ ಮೂಡಲಗಿಯಲ್ಲಿ ಬಸುರಿ ತಂಗಿಯ ಕುಬಸ. ಮನೆಗೆ ಕೀಲಿ ಹಾಕಿ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಹೊಲಿಗೆ ಖೋಲಿಯ ನೆಲದ ಮೇಲೆ ಒಂದು ಗಂಟಿತ್ತು. ಅದರಲ್ಲಿ ಹುಕ್ಕೇರಿಯ ಮದುಮಗಳೊಬ್ಬಳ ರೇಷ್ಮೆ ಸೀರೆಗಳು, ನಾನು ಹೊಲಿದಿಟ್ಟ ಒಂಬತ್ತು ಜಂಪರುಗಳು. ಮರುದಿನ ಆಕೆಯ ತಾಯಿ ಒಯ್ಯಲು ಬರುವವರಿದ್ದರು.

ಸಂಜೆ ಮರಳಿದಾಗ ಅಂಗಳವೆಲ್ಲ ರಾಡಿ. ಖೋಲಿಯ ಕೀಲಿ ಒಡೆದಿತ್ತು. ಒಳಗೆ ಗಂಟು ಇಲ್ಲ. ಲಗ್ನಕ್ಕೆ ನಾಲ್ಕೇ ದಿನ, ಆ ತಾಯಿಗೆ ಹೇಗೆ ಮುಖ ತೋರಿಸಲಿ? ನನ್ನ ಬಾಯಿಗೆ ಮೊದಲು ಬಂದ ಹೆಸರು ಶಾಂತಕ್ಕನದು.

"ನೀರ ಕದ್ದಾಕಿಗೆ ಅರಿವಿ ಕದಿಯಾಕ ಯಾತರ ನಾಚಿಕಿ" ಎಂದು ಅಂಗಳದಲ್ಲಿ ನಿಂತು ಜೋರಾಗಿಯೇ ಅಂದೆ.

ಶಾಂತಕ್ಕ ಬಾಗಿಲಿಗೆ ಬಂದಳು. ಸೀರೆ ಮೊಣಕಾಲವರೆಗೆ ಒದ್ದೆಯಾಗಿತ್ತು.

"ಹೂಂ, ಕದ್ದೀನಿ. ಬಾ, ಎಣಿಸ್ಕೊಂಡ ಹೋಗ" ಎಂದಳು.

ಒಳಗೆ ಆಕೆಯ ಮಂಚದ ಮೇಲೆ ಸೀರೆಗಳು ಮಡಿಕೆ ಮುರಿಯದೆ ಇದ್ದವು. ಒಂಬತ್ತು ಜಂಪರೂ ಇದ್ದವು. ತೋಳು ನೆನೆದ ಎರಡು ಮಾತ್ರ ಫ್ಯಾನಿನ ಕೆಳಗೆ ಆರುತ್ತಿದ್ದವು. ಮಧ್ಯಾಹ್ನ ಹೊಸ ಪೈಪಿಗೆ ನೀರು ಬಿಟ್ಟಿದ್ದರಂತೆ. ಎಂದೂ ಕಾಣದ ರಭಸ. ತಗ್ಗು ತುಂಬಿ, ಅಂಗಳಕ್ಕೆ ಹರಿದು, ಖೋಲಿಯ ಬಾಗಿಲ ಸಂದಿಯಿಂದ ನೀರು ಒಳನುಗ್ಗುವುದನ್ನು ಆಕೆ ನೋಡಿದ್ದಾಳೆ. ಈ ವಯಸ್ಸಿನಲ್ಲಿ ಗೋಡೆ ಹತ್ತಿ ಇಳಿದು, ಕಟ್ಟಿಗೆಗೆ ಅರಿವೆ ಸುತ್ತಿ ನಳದ ಬಾಯಿಗೆ ಬಡಿದಿದ್ದಾಳೆ. ಆಮೇಲೆ ಕೀಲಿ ಒಡೆದಿದ್ದಾಳೆ.

"ಒಡಿಯೂದಕ್ಕಿಂತ ಮದಲ ನಿನ್ನ ಕೇಳಬೇಕಂತ ಏಳ ಸಲ ಫೋನ ಹಚ್ಚಿನಿ. ಹತ್ತಲಿಲ್ಲ" ಎಂದಳು.

ಯಾಕೆ ಹತ್ತಲಿಲ್ಲ ಎಂದು ನನಗೆ ಗೊತ್ತಿತ್ತು. ಅಲ್ಲೇ ಮಂಚದ ಅಂಚಿಗೆ ಕುಳಿತು ಅತ್ತುಬಿಟ್ಟೆ. "ತಪ್ಪಾತ ಅಕ್ಕಾ" ಎಂದೆ.

"ಮಾರಿ ತೊಳ್ಕೊ ಹೋಗ. ಈಗೇನ ನೀರಿಗಿ ಬರ ಐತೇನ" ಎಂದು ಆಕೆ ಚಹಾಕ್ಕೆ ಇಟ್ಟಳು. ಅಳುತ್ತಲೇ ನಗು ಬಂತು. ಜಂಪರುಗಳಿಗೆ ಇಬ್ಬರೂ ಕೂತು ಇಸ್ತ್ರಿ ಮಾಡಿದೆವು. ಮರುದಿನ ಮದುಮಗಳ ತಾಯಿ ಖುಷಿಯಿಂದ ಒಯ್ದರು.

ಈಗ ಅಂಗಳದ ತಗ್ಗು ಮುಚ್ಚಿದ್ದೇವೆ. ನಳಕ್ಕೆ ಹಿತ್ತಾಳೆಯ ತೋಟಿ ಬಂದಿದೆ. ಶಾಂತಕ್ಕನ ಮೋಟಾರು ಮೂಲೆ ಸೇರಿದೆ. ಯಾವಾಗ ತಿರುವಿದರೂ ನೀರು ಬರುತ್ತದೆ, ನೆಮ್ಮದಿಯಾಗಿದ್ದೇವೆ. ಊರಿಗೆ ಹೋಗುವಾಗ ಕೀಲಿಕೈ ಆಕೆಯ ಬಳಿಯೇ ಇರುತ್ತದೆ. ಆ ಏಳು ಸಲದ ಫೋನು ಮಾತ್ರ ಇನ್ನೂ ನನ್ನ ಮನಸ್ಸನ್ನು ಕುಟುಕುತ್ತದೆ. ಈಗ ಆಕೆಯ ಹೆಸರು ಫೋನಿನಲ್ಲಿ ಮೂಡಿದರೆ ಮೊದಲ ರಿಂಗಿಗೇ ಎತ್ತುತ್ತೇನೆ, ಕೈಯೆಲ್ಲ ರೊಟ್ಟಿಯ ಹಿಟ್ಟಾಗಿದ್ದರೂ ಸರಿ.